ಎರಡು ಬಾವಿಯ ಕುರುಡು ಮೀನು

“ಗುರುಗಳೇ, ನೋಡುವುದಕ್ಕೆ ಒಂದೇ ಆಗಿರುವುದನ್ನು ಬೇರೆ ಬೇರೆ ಎಂದು ಏಕೆ ತಿಳಿಯಬೇಕು?” ಎಂದು ಮೃಡಯ್ಯ ಕೇಳಿದ.

ಮಠಕ್ಕೆ ಹೊಸದಾಗಿ ಸೇರಿದವರಿಗೆ ಪಾಠ ಹೇಳುವ ಕೆಲಸ ಅವನದು. ಎಲ್ಲರದೂ ಒಂದೇ ಬಟ್ಟೆ, ಬೋಳು ತಲೆ, ಕೇಳಿದ್ದಕ್ಕೆಲ್ಲ ಒಂದೇ ಉತ್ತರ. ಒಬ್ಬೊಬ್ಬರನ್ನೂ ಹತ್ತಿರ ಕೂರಿಸಿಕೊಂಡು ಮಾತಾಡು ಎಂದು ಗುರುಗಳು ಹೇಳಿದ್ದು ಅವನಿಗೆ ವ್ಯರ್ಥ ಶ್ರಮವಾಗಿ ಕಂಡಿತ್ತು.

ಗುರುಗಳು ಈ ಕತೆ ಹೇಳಿದರು.

ಘಟ್ಟದ ಕೆಳಗೆ ಒಬ್ಬ ಬಾವಿ ತೋಡುವವನಿದ್ದ. ಅಲ್ಲಿಯ ನೆಲ ಮುರಕಲ್ಲಿನದು. ಕೆಂಪು ಕಲ್ಲು, ಒಳಗೆಲ್ಲ ತೂತು. ಆ ತೂತುಗಳಲ್ಲಿ ನೀರು ಹರಿಯುತ್ತದೆ. ಎಲ್ಲಿಂದ ಎಲ್ಲಿಗೆ ಎಂದು ಮೇಲೆ ನಡೆದಾಡುವವರಿಗೆ ತಿಳಿಯದು. ಊರಿನ ಗುಡ್ಡದ ಎರಡು ಮಗ್ಗುಲಲ್ಲಿ ಎರಡು ಬಾವಿಗಳಿದ್ದವು. ಎರಡೂ ಒಬ್ಬ ಯಜಮಾನನವೇ. ಮೂಡಣ ಬಾವಿಯ ನೀರು ಯಾವ ಕಾಲಕ್ಕೂ ಕುಗ್ಗುತ್ತಿರಲಿಲ್ಲ. ಪಡುವಣ ಬಾವಿಯದು ಬೇಸಗೆ ಬಲಿತರೆ ತಳಕ್ಕಿಳಿಯುತ್ತಿತ್ತು. ಆಗ ಆ ಮಗ್ಗುಲಿನ ಹೆಂಗಸರು ಗುಡ್ಡ ಸುತ್ತಿ ಬಂದು ಕೊಡ ತುಂಬಿಸಿಕೊಳ್ಳುತ್ತಿದ್ದರು.

ಎರಡರಲ್ಲೂ ಮೀನುಗಳಿದ್ದವು. ಬೆರಳುದ್ದ, ದಾರದಂತೆ ಸಪೂರ, ನೀರಲ್ಲಿ ಕದಡಿದ ರಕ್ತದ ಬಣ್ಣ. ಕಣ್ಣು ಇರಬೇಕಾದಲ್ಲಿ ಬರಿಯ ಚರ್ಮ. ಕಲ್ಲಿನ ಒಳಗೇ ಬದುಕುವ ಅವು ಅಪರೂಪಕ್ಕೆ ಕೊಡದಲ್ಲಿ ಸಿಕ್ಕಿ ಮೇಲೆ ಬರುತ್ತಿದ್ದವು. ಹೆಂಗಸರು ಅವನ್ನು ಮರಳಿ ಬಾವಿಗೇ ಬಿಡುತ್ತಿದ್ದರು.

ವರ್ಷಕ್ಕೊಮ್ಮೆ ಕೆಸರು ತೆಗೆಯಲು ಬಾವಿ ತೋಡುವವನು ಎರಡೂ ಬಾವಿಗೆ ಇಳಿಯುತ್ತಿದ್ದ. ಮೂಡಣ ಬಾವಿಯಲ್ಲಿ ಮೀನುಗಳು ಬಂದು ಅವನ ಪಾದವನ್ನು ಮೆಲ್ಲಗೆ ಕಚ್ಚಿ ನೋಡುತ್ತಿದ್ದವು. ಪಡುವಣ ಬಾವಿಯಲ್ಲಿ ಕಚ್ಚುತ್ತಿರಲಿಲ್ಲ. ಕಣಕಾಲಿಗೆ ಒರಸಿಕೊಂಡು ತಣ್ಣಗೆ ಸರಿದು ಹೋಗುತ್ತಿದ್ದವು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿಯೆಂದೂ ಅನ್ನಿಸಿರಲಿಲ್ಲ.

ಒಂದು ವರ್ಷ ಯಜಮಾನ ಅವನನ್ನು ಕರೆಸಿ, ಗುಡ್ಡದ ಅಡಿಯಲ್ಲಿ ಸುರಂಗ ಕೊರೆದು ಎರಡು ಬಾವಿಗಳನ್ನೂ ಕೂಡಿಸಬೇಕೆಂದ. ಬೇರೆ ಬೇರೆ ಒರತೆಗಳನ್ನು ಕೂಡಿಸುವ ವಾಡಿಕೆ ತಮ್ಮವರಲ್ಲಿ ಇಲ್ಲವೆಂದು ಇವನು ಹೇಳಿದ. ಯಜಮಾನ ಎರಡೂ ಬಾವಿಯಿಂದ ಮೀನು ಹಿಡಿಸಿ ತರಿಸಿದ. ಅಂಗಳದ ಬಿಸಿಲಿನಲ್ಲಿ ಒಂದೇ ಹರಿವಾಣಕ್ಕೆ ಸುರಿಸಿದ.

“ಇದರಲ್ಲಿ ಮೂಡಣದ್ದು ಯಾವುದು, ಪಡುವಣದ್ದು ಯಾವುದು, ತೋರಿಸು” ಎಂದ.

ಅವನು ಬಗ್ಗಿ ಬಹಳ ಹೊತ್ತು ನೋಡಿದ. ಅದೇ ಬಣ್ಣ, ಅದೇ ಉದ್ದ, ಅದೇ ಕಣ್ಣಿಲ್ಲದ ಮುಖ.

“ತಿಳಿಯುವುದಿಲ್ಲ ಒಡೆಯರೇ” ಎಂದ.

“ಹಾಗಾದರೆ ಮೀನು ಒಂದೇ. ಮೀನು ಒಂದಾದರೆ ನೀರೂ ಒಂದೇ. ಕೆಲಸ ಹಿಡಿ.”

ಕಾಲಿಗೆ ಗೊತ್ತಿದ್ದ ಮಾತು ಅವನ ನಾಲಗೆಯ ತುದಿಗೆ ಬಂತು. ಆದರೆ ಕಣ್ಣೇ ಸೋತು ಒಪ್ಪಿಕೊಂಡ ಮೇಲೆ ಕಾಲಿನ ಸಾಕ್ಷಿಯನ್ನು ಯಾರು ಕೇಳುತ್ತಾರೆ? ಕೊಡ ಹೊತ್ತು ಗುಡ್ಡ ಸುತ್ತುವ ಹೆಂಗಸರ ಎದುರಿಗೆ ಮೀನು ಕಚ್ಚುವ ಮಾತಾಡಲು ನಾಚಿಕೆಯೂ ಆಯಿತು. ಅವನು ಪಿಕ್ಕಾಸು ಎತ್ತಿಕೊಂಡ.

ಪಡುವಣ ಬಾವಿಯಿಂದ ಹೊರಟು ಅವನು ಗುಡ್ಡದೊಳಗೆ ಕೊರೆಯುತ್ತ ಹೋದ. ಮುಂದೆ ಮುಂದೆ ಹೋದಂತೆ ಬೆನ್ನ ಹಿಂದಿನ ಬೆಳಕು ಕಿರಿದಾಗಿ, ಕೊನೆಗೆ ಇಲ್ಲವಾಯಿತು. ಪಡುವಣ ನೀರು ಅವನ ಹಿಂದೆಯೇ ಸುರಂಗಕ್ಕೆ ಹರಿದು ಮೊಣಕಾಲಿಗೆ ಬಂದಿತ್ತು. ಒಂದು ದಿನ ಎದುರಿನ ಕಲ್ಲು ಸಡಿಲಿ ಬಿತ್ತು. ಆಚೆಯ ನೀರಿನೊಂದಿಗೆ ಒಂದು ತಣ್ಣನೆಯ ಗಾಳಿ ನುಗ್ಗಿ ದೀಪ ಆರಿತು. ಅವನು ಒಡೆದ ಗೋಡೆಯ ನಡುವೆ, ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಹಾಗೆಯೇ ನಿಂತ.

ಮೀನುಗಳು ಬಂದವು. ಎರಡು ಕಡೆಯಿಂದಲೂ ಬಂದವು. ಮುಂದಿನ ಕಾಲನ್ನು ಕಚ್ಚಿ ನೋಡಿದವು. ಹಿಂದಿನ ಕಾಲಿಗೆ ಒರಸಿಕೊಂಡು ಸರಿದವು. ಎರಡು ಕಾಲುಗಳ ನಡುವಿನ ನೀರಿಗೆ ಮಾತ್ರ ಯಾವುದೂ ಬರಲಿಲ್ಲ. ಆ ಕತ್ತಲಲ್ಲಿ ಅವೂ ತನ್ನ ಹಾಗೆಯೇ ನಿಂತು ಆಲಿಸುತ್ತಿವೆ ಎಂದು ಅವನಿಗೆ ಅನ್ನಿಸಿತು. ಆಮೇಲೆ ಕಚ್ಚುವುದು ನಿಂತಿತು. ಒಂದೊಂದಾಗಿ ಅಲ್ಲ, ಎಲ್ಲ ಒಟ್ಟಿಗೆ. ಅವನು ಗೋಡೆ ತಡವಿಕೊಂಡು ಹೊರಗೆ ಬಂದ.

ಪಡುವಣ ಬಾವಿ ತುಂಬಿತು. ಹೆಂಗಸರು ಅವನನ್ನು ಹರಸಿದರು. ಯಜಮಾನ ಹೊಸ ಪಂಚೆ ಕೊಟ್ಟ.

ಮರುವರ್ಷ ಕೆಸರು ತೆಗೆಯಲು ಅವನು ಮೂಡಣ ಬಾವಿಗೆ ಇಳಿದ. ಕಾಲು ಮರಗಟ್ಟುವವರೆಗೂ ಅಲುಗದೆ ನಿಂತ. ಮೀನುಗಳು ಬಂದವು, ತಣ್ಣಗೆ ಒರಸಿಕೊಂಡು ಹೋದವು. ಯಾವುದೂ ಕಚ್ಚಲಿಲ್ಲ. ಅವನು ಸುರಂಗದೊಳಗೆ ಹೋದ. ದೀಪ ಆರಿಸಿ, ಕಲ್ಲಿನ ಒಂದೊಂದು ತೂತಿನ ಬಾಯಿಗೂ ಕೈಯಿಟ್ಟು ಕಾದ. ಎಲ್ಲೆಲ್ಲೂ ಅದೇ ತಣ್ಣನೆಯ ಸರಿದಾಟ. ಕೆಸರನ್ನೆಲ್ಲ ಜಾಲಿಸಿದರೂ ಒಂದು ಸತ್ತ ಮೀನು ಸಿಗಲಿಲ್ಲ, ಒಂದು ಮುಳ್ಳು ಸಿಗಲಿಲ್ಲ.

ಮೇಲೆ ಬಂದು ಯಜಮಾನನಿಗೆ, ಮೂಡಣದ ಮೀನುಗಳು ಹೋದವು ಎಂದ. ಯಜಮಾನ ಬಾವಿಗೆ ಕೊಡ ಇಳಿಸಿ ಎಳೆಸಿದ. ಕೊಡದಲ್ಲಿ ಕೆಂಪಗೆ ಒಂದು ಮೀನು ಹೊರಳುತ್ತಿತ್ತು.

“ಇದೆಯಲ್ಲ. ಮತ್ತೆ ಹೋದದ್ದು ಏನು?” ಎಂದ.

ಎರಡಕ್ಕೂ ಇದ್ದದ್ದು ಒಂದೇ ಹೆಸರು, ಆ ಹೆಸರಿನದು ಕೊಡದಲ್ಲಿ ಜೀವಂತ ಇತ್ತು. ಸುರಂಗ ಮುಚ್ಚಿಸಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮುಚ್ಚಿದರೆ ಬಾಯಾರುವುದು ಮನುಷ್ಯರಿಗೆ, ಮರಳಿ ಬರುವುದು ಏನೂ ಇಲ್ಲ. ಅಲ್ಲಿಂದ ಮುಂದೆ ಯಾರ ಬಾವಿಗೆ ಕರೆದರೂ ಅವನು ಮೊದಲು ಪಿಕ್ಕಾಸು ಮೇಲಿಟ್ಟು, ಬರಿಗಾಲಲ್ಲಿ ನೀರಿಗಿಳಿದು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ತಲೆ ಕೆಟ್ಟಿದೆ ಎಂದು ಜನ ಕರೆಯುವುದನ್ನು ಕಡಿಮೆ ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಮೃಡಯ್ಯನಿಗೆ ಸಮಾಧಾನವಾಗಲಿಲ್ಲ.

“ಯಾರ ಕಣ್ಣಿಗೂ ಬೀಳದ ಹಾಗೆ ಹೋದದ್ದನ್ನು ಹೋಯಿತೆಂದು ತಿಳಿಯುವುದು ಹೇಗೆ ಗುರುಗಳೇ?”

“ನಿನ್ನ ಪಾಠಕ್ಕೆ ಕೂರುತ್ತಿದ್ದವರಲ್ಲಿ ಒಬ್ಬ ಮಠ ಬಿಟ್ಟು ವಾರವಾಯಿತು, ಅವನು ಯಾರು, ಹೇಳು.”

ಮೃಡಯ್ಯ ಎದ್ದು ಹೊಸಬರ ಸಾಲಿಗೆ ಹೋಗಿ, ಮೊದಲು ಸಿಕ್ಕವನ ಹತ್ತಿರ ಕೂತು ಹೆಸರು ಕೇಳಿದ.