ಪಡಸಾಲೆ ದಾಟದ ವೈಫೈ

“ಅಜ್ಜಾರ, ಒಬ್ಬರಿಗೆ ಬೇಕಾದ್ದೆಲ್ಲಾ ಕೊಟ್ಟ ಮ್ಯಾಲೂ ಅವರ ಮಾರಿ ಯಾಕ ಅರಳೂದಿಲ್ಲ? ಇನ್ನೇನು ಕೊಡಬೇಕ್ರಿ?”

ಮಠದ ಕಟ್ಟೆಯ ಮೇಲೆ ಕೂತು ದುಂಡಪ್ಪ ಗುರುಗಳನ್ನು ಹೀಗೆ ಕೇಳಿದ. ಅವನು ಅವರ ಶಿಷ್ಯ, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಗಂಡನ ಮನೆ ಬಿಟ್ಟು ಬಂದ ಅಕ್ಕ ಸುಗಲವ್ವ ಅವನ ಜೊತೆಗೇ ಇದ್ದಾಳೆ. ಮನೆಗೆ ಬಂದು ಹೋಗುವವರು ಅವಳನ್ನು ಅದೂ ಇದೂ ಕೇಳಿ ನೋಯಿಸಬಾರದೆಂದು ಅವನು ಮಹಡಿಯ ಮೇಲೆ ಒಳ್ಳೆಯ ಕೋಣೆ ಕಟ್ಟಿಸಿಕೊಟ್ಟಿದ್ದಾನೆ. ಫ್ಯಾನು ಇದೆ, ಟಿವಿ ಇದೆ. ಹೊತ್ತು ಹೊತ್ತಿಗೆ ಊಟದ ತಾಟು ಮೇಲಕ್ಕೆ ಹೋಗುತ್ತದೆ. ಆದರೂ ಅಕ್ಕ ಬಾಡುತ್ತಲೇ ಇದ್ದಾಳೆ. ಇಷ್ಟು ಹೇಳಿ ಮುಗಿಸುವುದರೊಳಗೆ ದುಂಡಪ್ಪ ಎಷ್ಟೋ ಸಲ ಎದ್ದ, ಎಷ್ಟೋ ಸಲ ಕೂತ.

ಗುರುಗಳು ಸಮಾಧಾನ ಹೇಳಲಿಲ್ಲ. ಒಂದು ಕತೆ ಹೇಳಿದರು.

ಕೋಟೆಯ ಊರೊಂದರಲ್ಲಿ ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕತೆ ಕೇಳುವವನು ಅವನಿಗೆ ನಾಲ್ಕು ಬೈದು, ತಾನು ಆರಾಮಾಗಿ ಮನೆಗೆ ಹೋಗಿ ಮಲಗಿಬಿಡುತ್ತಾನೆ.

ವರ್ತಕನ ಮನೆ ಅವನ ಮುತ್ತಜ್ಜ ಕಟ್ಟಿಸಿದ ವಾಡೆ. ದರೋಡೆಯ ಭಯವಿದ್ದ ಕಾಲದ ಮನೆ. ಗೋಡೆಯ ಎರಡು ಮಗ್ಗುಲಿಗೂ ಕಲ್ಲು, ನಡುವೆ ತುಂಬಿದ ಮಣ್ಣು. ಆ ಗೋಡೆಯ ಮೇಲೆ ಒಬ್ಬ ಮನುಷ್ಯ ಅಡ್ಡಲಾಗಿ ಮಲಗಬಹುದಿತ್ತು. ಮುಂದೆ ವ್ಯಾಪಾರ ನಡೆಯುವ ಪಡಸಾಲೆ. ಹಿಂದೆ ಅಡುಗೆಮನೆ ಮತ್ತು ಹೆಣ್ಣುಮಕ್ಕಳ ಕೋಣೆಗಳು. ಎರಡರ ನಡುವೆ ಕಬ್ಬಿಣದ ತಗಡು ಬಡಿದ ನಡುಬಾಗಿಲು. ವ್ಯಾಪಾರದ ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿರುತ್ತಿತ್ತು. ಹೊರಗಿನವರ ಕಣ್ಣು ಒಳಗೆ ಬೀಳಬಾರದು, ಒಳಗಿನ ಹೆಣ್ಣುಮಕ್ಕಳು ಪಡಸಾಲೆಗೆ ಬರಬಾರದು. ಮುತ್ತಜ್ಜನ ಕಾಲದಿಂದ ಅದು ಹಾಗೇ ನಡೆದುಕೊಂಡು ಬಂದಿತ್ತು.

ಪಡಸಾಲೆಗೂ ತನ್ನದೇ ಒಂದು ರೀತಿ ಇತ್ತು. ಅಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು ಕೈ ಚಾಚುತ್ತಿದ್ದರು. ಕೈಗಳ ಮೇಲೆ ಒಂದು ಶಲ್ಯ ಹೊದಿಸುತ್ತಿದ್ದರು. ಶಲ್ಯದ ಕೆಳಗೆ ಒಬ್ಬನ ಬೆರಳನ್ನು ಇನ್ನೊಬ್ಬ ಹಿಡಿದು ಒತ್ತುತ್ತಿದ್ದ. ಕೇಳುವುದು, ಕೊಸರಾಡುವುದು, ಒಪ್ಪುವುದು ಎಲ್ಲ ಅಲ್ಲೇ ಮುಗಿಯುತ್ತಿತ್ತು. ಪಕ್ಕದಲ್ಲಿ ಕೂತವನಿಗೂ ಸುಳಿವು ಸಿಗುತ್ತಿರಲಿಲ್ಲ. ಈ ವಿದ್ಯೆಯಲ್ಲಿ ವರ್ತಕನನ್ನು ಮೀರಿಸುವವರು ಆ ಪೇಟೆಯಲ್ಲಿ ಇರಲಿಲ್ಲ. ಎದುರಿನವನ ಬೆರಳು ಎಲ್ಲಿ ಅಂಜಿತು ಎಂಬುದು ಕೂಡ ಅವನಿಗೆ ತಿಳಿಯುತ್ತಿತ್ತು.

ಅವನ ಮಗನಿಗೆ ದೂರದ ಹಳ್ಳಿಯಿಂದ ಹೆಣ್ಣು ತಂದರು. ಹುಡುಗಿಗೆ ತಂದೆ ಇಲ್ಲ. ತಾಯಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ತಾಯಿಮಗಳು ಕೈಸನ್ನೆಯಲ್ಲೇ ಜಗಳವಾಡಿ, ಕೈಸನ್ನೆಯಲ್ಲೇ ರಾಜಿಯಾಗಿ ಬದುಕಿದವರು. ಅವರ ಸನ್ನೆ ಪೂರ್ತಿ ಬಲ್ಲವರು ಹಳ್ಳಿಯಲ್ಲಿ ಮೂರನೆಯವರಿರಲಿಲ್ಲ. ಮದುವೆ ಮುಗಿದು ಮಗಳನ್ನು ಕಳಿಸುವಾಗ ಆ ತಾಯಿ ವರ್ತಕನ ಮುಂದೆ ಬಂದು ನಿಂತು ಕೈ ಆಡಿಸಿದಳು. ಮಗಳು ಅಳುತ್ತ ಅರ್ಥ ಹೇಳಿದಳು. ನಾಳೆಯಿಂದ ನಾನು ಯಾರ ಜೊತೆ ಮಾತಾಡಲಿ ಎಂದು ತಾಯಿ ಕೇಳಿದ್ದಳು.

ವರ್ತಕನ ಕರುಳು ಚುರುಕ್ಕೆಂದಿತು. ದಿನಾ ಮಗಳನ್ನು ನೋಡುತ್ತೀ, ದಿನಾ ಮಾತಾಡುತ್ತೀ, ಅದು ನನ್ನ ಹೊಣೆ ಎಂದು ಎಲ್ಲರೆದುರು ಮಾತು ಕೊಟ್ಟ. ಬೀಗತಿಗೊಂದು, ಸೊಸೆಗೊಂದು ದೊಡ್ಡ ಪರದೆಯ ಫೋನು ತಂದುಕೊಟ್ಟ. ವಾಡೆಯಿದ್ದ ಮಗ್ಗುಲಿಗೆ ಕೋಟೆಗುಡ್ಡ ಅಡ್ಡ ನಿಂತಿತ್ತು, ಫೋನಿನ ನೆಟ್ ಬರುತ್ತಿರಲಿಲ್ಲ. ಅದಕ್ಕೆಂದೇ ಮನೆಗೆ ವೈಫೈ ಹಾಕಿಸಿದ.

ತಂತಿ ಬೀದಿಯಿಂದ ಬಂದದ್ದು ಪಡಸಾಲೆಗೆ. ವೈಫೈ ಡಬ್ಬಿಯನ್ನು ವರ್ತಕ ಕೂರುವ ಗಾದಿಯ ಮೇಲಿನ ಗೋಡೆಗೂಡಿನಲ್ಲಿ ಕೂರಿಸಿದರು. ಪಡಸಾಲೆಯಲ್ಲಿ ಚಿತ್ರ ಸ್ವಚ್ಛವಾಗಿ ಬಂತು. ನಡುಬಾಗಿಲು ದಾಟಿ ಕದ ಮುಚ್ಚಿದರೆ ಚಿತ್ರ ನಿಂತುಹೋಯಿತು.

ಮಾತಿನ ಫೋನಾದರೆ ಅಲ್ಲಲ್ಲಿ ತುಂಡಾದರೂ ಮಿಕ್ಕದ್ದನ್ನು ಊಹಿಸಿಕೊಳ್ಳಬಹುದು. ಅರ್ಧಕ್ಕೆ ನಿಂತ ಕೈಯನ್ನು ಏನೆಂದು ಊಹಿಸುವುದು? ತಾಯಿಯ ಕೈ ಎದೆಯ ಹತ್ತಿರ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಎದೆನೋವು ಎನ್ನುತ್ತಿದ್ದಾಳೋ, ನೆನಪಾಗುತ್ತದೆ ಎನ್ನುತ್ತಿದ್ದಾಳೋ, ಮಗಳಿಗೆ ಗೊತ್ತಾಗುತ್ತಿರಲಿಲ್ಲ. ಫೋನು ಹಿಡಿದು ಕಿಟಕಿಗೆ ಓಡುವಳು, ಹಿತ್ತಿಲಿಗೆ ಓಡುವಳು, ಮಾಳಿಗೆ ಹತ್ತುವಳು. ಎಲ್ಲಿಯೂ ಇಲ್ಲ. ವ್ಯಾಪಾರ ಮುಗಿದು ಪಡಸಾಲೆ ಖಾಲಿಯಾಗುವ ಹೊತ್ತಿಗೆ ತಾಯಿಯ ಹಳ್ಳಿಯಲ್ಲಿ ಕರೆಂಟು ಹೋಗಿರುತ್ತಿತ್ತು. ಕತ್ತಲಲ್ಲಿ ಕೈ ಕಾಣುವುದಿಲ್ಲ. ಸೊಸೆ ಯಾರ ಮುಂದೂ ದೂರಲಿಲ್ಲ. ಆದರೆ ಬರಬರುತ್ತ ಅವಳ ತುತ್ತು ಚಿಕ್ಕದಾಯಿತು, ಅದು ವರ್ತಕನ ಕಣ್ಣಿಗೆ ಬಿತ್ತು.

ಆಗ ಹತ್ತಿತು ಅವನಿಗೆ ಚಡಪಡಿಕೆ. ಕೊಟ್ಟ ಮಾತು ಕಾಲಿಗೆ ಚುಚ್ಚಿದ ಮುಳ್ಳಾಯಿತು. ನಡುಬಾಗಿಲಿನ ಆಚೆ ಇನ್ನೊಂದು ಡಬ್ಬಿ ಇಟ್ಟ. ಅದಕ್ಕೇ ಸಿಗ್ನಲ್ ಸಿಗದಿದ್ದಾಗ ಅದು ಬೇರೆಯವರಿಗೆ ಏನು ಕೊಟ್ಟೀತು? ಉದ್ದ ಕೊಂಬುಗಳ ಡಬ್ಬಿ ತರಿಸಿದ. ಕೊಂಬು ನೋಡಲಿಕ್ಕೇನೋ ಚೆನ್ನಾಗಿದ್ದವು. ಗೋಡೆ ಕೊರೆದು ತಂತಿ ಒಯ್ಯಲು ಗೌಂಡಿಯನ್ನು ಕರೆಸಿದ. ಕಲ್ಲಿಗೆ ತಾಗಿ ಡ್ರಿಲ್ಲಿನ ಮೊನೆ ಮುರಿಯಿತು. ಕಲ್ಲಿನ ಸಂದಿ ಹುಡುಕಿ ಕೊರೆದರೆ ಒಳಗಿನ ಮಣ್ಣು ಬುಳುಬುಳು ಸುರಿಯತೊಡಗಿತು. ಮನೆಯೇ ಕೂತೀತು ಎಂದು ಗೌಂಡಿ ಕೈಮುಗಿದು ಹೊರಟುಹೋದ. ಮಾಳಿಗೆಯ ಮೇಲಿಂದ ತಂತಿ ಎಳೆಸಿದ. ಕೋಟೆಯ ಮಂಗಗಳು ಅದಕ್ಕೆ ಜೋತುಬಿದ್ದು ಜೋಕಾಲಿ ಆಡಿದವು. ಕೊನೆಗೆ ನಡುಬಾಗಿಲಿನ ಹೊಸ್ತಿಲ ಮೇಲಿಂದಲೇ ತಂತಿ ಒಯ್ದ. ತಗಡಿನ ಕದ ಮುಚ್ಚಿದ ಮೊದಲ ಸಲವೇ ಅದನ್ನು ಕತ್ತರಿಸಿ ಹಾಕಿತು.

ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಾದಿಯ ಮೇಲಿಂದ ಏಳುವನು, ಫೋನನ್ನು ಆರತಿಯ ತಟ್ಟೆಯಂತೆ ಎತ್ತಿ ಹಿಡಿದು ಒಳಮನೆಯಲ್ಲಿ ಸುತ್ತುವನು. ಇಲ್ಲಿ ಎರಡು ಕಡ್ಡಿ ಸಿಗ್ನಲ್, ಇಲ್ಲಿ ಒಂದು, ಇಲ್ಲಿ ಏನೂ ಇಲ್ಲ. ದೇವರ ಮನೆ ಬಿಡಲಿಲ್ಲ, ಬಚ್ಚಲು ಬಿಡಲಿಲ್ಲ. ಮತ್ತೆ ಬಂದು ಗಾದಿಯ ಮೇಲೆ ಕೂತರೆ ತೊಡೆ ತಾನಾಗಿ ಅಲುಗುತ್ತಿತ್ತು. ಒಂದು ದಿನ ಶಲ್ಯದ ಕೆಳಗೆ ಬೆರಳು ತಪ್ಪಿ ಒತ್ತಿದ. ಅಂಥದ್ದು ಅವನ ಜನ್ಮದಲ್ಲಿ ಆಗಿರಲಿಲ್ಲ.

ಅಡುಗೆಮನೆಯಲ್ಲಿ ಅವನು ಹೀಗೇ ಸುತ್ತುತ್ತಿದ್ದಾಗ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

“ಏನ್ರೀ, ಪಡಸಾಲ್ಯಾಗ ಬರತೈತಲ್ಲ? ಆಕಿನ್ನ ಅಲ್ಲೇ ಒಂದು ಮೂಲ್ಯಾಗ ಕುಂದರಸ್ರಿ. ಇಲ್ಲಾ ನಡಬಾಗಲಾ ತೆರದರ ಇಡ್ರಿ.”

“ನಿನಗ ಬುದ್ಧಿ ಐತೇನ? ಗಿರಾಕಿ ಬರತಾರ, ದಲಾಲರು ಬರತಾರ. ಅವರ ಮುಂದ ಮನಿ ಸೊಸಿ ಕೈ ಆಡಿಸಿಕೋಂತ ಕುಂತ್ರ ಏನಂದಾರು? ತಡಿ, ಇನ್ನೊಂದು ಡಬ್ಬಿ ತರಸತೀನಿ.”

ಏನೆಂದಾರು ಎಂಬುದು ಅವನಿಗೆ ಗೊತ್ತಿತ್ತು. ಸೊಸೆ ಮೂಕಿಯೇನು ಎಂದು ಕೇಳುತ್ತಾರೆ. ಅಲ್ಲ, ಅವಳ ತಾಯಿ ಎಂದು ಹೇಳಬೇಕಾಗುತ್ತದೆ. ಮದುವೆ ಹೆಣ್ಣಿನ ಹಳ್ಳಿಯಲ್ಲಿ ಆಗಿದ್ದರಿಂದ ಪೇಟೆಯವರಿಗೆ ಬೀಗತಿಯ ವಿಷಯ ತಿಳಿದಿರಲಿಲ್ಲ, ಅವನೂ ಹೇಳಿರಲಿಲ್ಲ. ಇದನ್ನು ಅವನು ನಾಚಿಕೆ ಎಂದು ಕರೆಯುತ್ತಿರಲಿಲ್ಲ. ಮನೆತನದ ಮರ್ಯಾದೆ ಎನ್ನುತ್ತಿದ್ದ. ನಾವೆಲ್ಲ ಹಾಗೇ ಅನ್ನುತ್ತೇವೆ.

ಇತ್ತ ಇವನು ಡಬ್ಬಿಗೆ ಡಬ್ಬಿ ಸೇರಿಸುತ್ತಿದ್ದರೆ, ಅತ್ತ ಹಳ್ಳಿಯಲ್ಲಿ ತಾಯಿಗೆ ಬೇರೆಯೇ ಕಾಣಿಸುತ್ತಿತ್ತು. ಅವಳ ಫೋನಿನಲ್ಲಿ ಮಗಳ ಕೈ ಅಲುಗದೆ ನಿಲ್ಲುತ್ತಿತ್ತು. ತಾಯಿ ಕೇಳುತ್ತಾಳೆ, ಮಗಳು ಸುಮ್ಮನೆ ನೋಡುತ್ತಾಳೆ. ಮತ್ತೆ ಕೇಳುತ್ತಾಳೆ, ಮತ್ತೆ ಸುಮ್ಮನೆ ನೋಡುತ್ತಾಳೆ. ದೊಡ್ಡ ಮನೆ ಸೇರಿದ ಮಗಳಿಗೆ ನನ್ನ ಜೊತೆ ಕೈ ಆಡಿಸಲು ಮನಸ್ಸಿಲ್ಲ ಎಂದುಕೊಂಡಳು ಆ ತಾಯಿ. ಅವಳ ಫೋನು ಬರುವುದು ನಿಂತಿತು. ಸೊಸೆ ಮಾಡಿದರೂ ಆಕೆ ಎತ್ತಲಿಲ್ಲ. ಸೊಸೆ ಊಟ ಬಿಟ್ಟಳು.

ವರ್ತಕ ನಾಲ್ಕು ದಿಕ್ಕಿಗೂ ಹೇಳಿಕಳಿಸಿ, ಪೇಟೆಯಲ್ಲೇ ಇಲ್ಲದಂಥ ಡಬ್ಬಿಯೊಂದನ್ನು ದೂರದ ಶಹರದಿಂದ ತರಿಸಲು ಏರ್ಪಾಡು ಮಾಡಿದ. ಡಬ್ಬಿ ಬರುವುದಕ್ಕೆ ಮುಂಚೆ ಬೀಗತಿಯೇ ಬಂದಳು.

ಅವಳು ಬಂದದ್ದು ವ್ಯಾಪಾರದ ಹೊತ್ತಿನಲ್ಲಿ. ಪಡಸಾಲೆ ತುಂಬ ಜನ. ನಡುವೆ ಮೆಣಸಿನಕಾಯಿಯ ಮಾದರಿ ರಾಶಿಗಳು. ವರ್ತಕನ ಕೈ ಶಲ್ಯದ ಕೆಳಗೆ, ಪರವೂರಿನ ದಲಾಲನೊಬ್ಬನ ಕೈಯಲ್ಲಿತ್ತು. ಕಂಕುಳಲ್ಲಿ ಗಂಟು ಇಟ್ಟುಕೊಂಡ ಹೆಂಗಸೊಬ್ಬಳು ಬೀದಿಬಾಗಿಲಿನಿಂದ ನೇರ ಒಳಗೆ ಬಂದಳು. ಗಂಟನ್ನು ಕೆಳಗಿಟ್ಟು ವರ್ತಕನ ಎದುರು ನಿಂತು ಎರಡೂ ಕೈ ಎತ್ತಿ ಆಡಿಸತೊಡಗಿದಳು. ಪಡಸಾಲೆಯವರೆಲ್ಲ ಅತ್ತ ತಿರುಗಿದರು.

ದಲಾಲ ಹಿಡಿದ ಬೆರಳು ಬಿಡದೆ, ಆ ಹೆಣ್ಣುಮಗಳು ಏನು ಹೇಳುತ್ತಿದ್ದಾಳೆ ಎಂದು ಮೆಲ್ಲಗೆ ವಿಚಾರಿಸಿದ.

ವರ್ತಕನಿಗೆ ಅದು ತಿಳಿಯಲಿಲ್ಲ. ಪೇಟೆಯ ಪ್ರತಿಯೊಬ್ಬನ ಬೆರಳನ್ನೂ ಓದಬಲ್ಲವನು, ಇಷ್ಟು ದಿನಗಳಲ್ಲಿ ಈ ಬೆರಳಿನ ಒಂದು ಮಾತನ್ನೂ ಕಲಿತಿರಲಿಲ್ಲ. ಇವಳು ಯಾರೆಂದು ಯಾರಾದರೂ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದ.

ಅಷ್ಟರಲ್ಲಿ ನಡುಬಾಗಿಲು ಕಿರ್ರೆಂದಿತು. ಅತ್ತೆ ಕದ ತೆರೆದಿದ್ದಳು. ಸೊಸೆ ಹೊಸ್ತಿಲಿನ ತನಕ ಓಡಿಬಂದು ಅಲ್ಲೇ ನಿಂತಳು. ತಾಯಿ ಅತ್ತ ತಿರುಗಿದಳು. ತಾಯಿ ಪಡಸಾಲೆಯಲ್ಲಿ, ಮಗಳು ಒಳಮನೆಯಲ್ಲಿ. ಕೈಗಳು ಹೊಸ್ತಿಲಿನ ಮೇಲಿಂದ ಮಾತಾಡಿದವು. ಇಡೀ ಪಡಸಾಲೆ ನೋಡಿತು. ಒಬ್ಬನೂ ನಗಲಿಲ್ಲ.

“ಏನ್ ಕೇಳಾಕತ್ತಾರವ್ವಾ ನಿಮ್ಮವ್ವ?” ಎಂದ ವರ್ತಕ.

ಸೊಸೆ ತಲೆ ತಗ್ಗಿಸಿ ಹೇಳಿದಳು. “ನಿನ್ನ ಕೈ ಯಾಕ ಸುಮ್ಮನಾದವು ಅಂತ ಕೇಳಿದಳ್ರೀ ಮಾವಾರ. ಒಳಗ ನೆಟ್ ಬರೂದಿಲ್ಲ ಅಂದೆ. ಹಂಗಾರ ಎಲ್ಲಿ ಬರತೈತಿ ಅಂದಳು. ಪಡಸಾಲ್ಯಾಗ ಅಂದೆ. ಮತ್ತ ನೀ ಹೊಸ್ತಲಾ ದಾಟದ ಅಲ್ಲೇ ಯಾಕ ನಿಂತಿ ಅಂತ ಕೇಳಾಕತ್ತಾಳ್ರಿ.”

ವರ್ತಕ ಕೈಮೇಲಿನ ಶಲ್ಯವನ್ನು ಎಳೆದು ತೆಗೆದ. ಇಬ್ಬರ ಬೆರಳುಗಳೂ ಎಲ್ಲರ ಕಣ್ಣಿಗೆ ಬಿದ್ದವು, ವ್ಯಾಪಾರ ಕೆಟ್ಟಿತು. ಅವನು ಆ ಶಲ್ಯವನ್ನು ಗಾದಿಯ ಮೇಲೆ ತನ್ನ ಪಕ್ಕದಲ್ಲಿ ಹಾಸಿದ. ಕೂರು ಎನ್ನುವ ಸನ್ನೆ ಯಾವುದೋ ಅವನಿಗೆ ಗೊತ್ತಿರಲಿಲ್ಲ. ಬೀಗತಿಯ ಮುಖ ನೋಡುತ್ತ ಅಂಗೈಯಿಂದ ಗಾದಿಯನ್ನು ತಟ್ಟಿದ. ಬೀಗತಿಗೆ ಅರ್ಥವಾಯಿತು. ಆಮೇಲೆ ಅವನು ಹೊಸ್ತಿಲಿನ ಕಡೆ ತಿರುಗಿ, “ಬಾರವ್ವಾ, ನೀನೂ ಬಾ” ಎಂದ.

ಸೊಸೆ ಹೊಸ್ತಿಲು ದಾಟಿದಳು. ದಲಾಲ ತನ್ನ ಮಾದರಿ ರಾಶಿಯನ್ನು ಅತ್ತ ಸರಿಸಿ ಅವಳಿಗೆ ದಾರಿ ಬಿಟ್ಟ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ದುಂಡಪ್ಪ ಯಾವಾಗಲೋ ಎದ್ದು ನಿಂತಿದ್ದ. ಶಲ್ಯ ಹಾಸಿದ ಮಾತು ಬಂದಾಗ ಅವನ ಕಣ್ಣು ಒದ್ದೆಯಾಗಿದ್ದವು. ಆದರೆ ಮನಸ್ಸು ಇನ್ನೂ ಆ ಗೋಡೆಗಳ ಸುತ್ತಲೇ ತಿರುಗುತ್ತಿತ್ತು.

“ಆ ಮ್ಯಾಲೆ ಅಜ್ಜಾರ? ಒಳಗಿನ ಖೋಲಿಗಳಿಗೆ ಕಡೀಕರ ವೈಫೈ ಬಂತೋ ಇಲ್ಲೋ?”

ಗುರುಗಳು ಹೇಳಿದರು.

“ನಾಳಿಂದ ಅಕ್ಕನ ತಾಟು ಮ್ಯಾಲೆ ಕಳಸಬ್ಯಾಡ, ದುಂಡಪ್ಪಾ. ಕೆಳಗ ನಿನ್ನ ತಾಟಿನ ಬಾಜೂಕ ಇಡು.”