ಹೆಸರೂ ಓಡುವ ಸೂತ್ರವೂ

ಒಂದು ಶಾಲೆಯ ಜಾಲಪುಟದಲ್ಲಿ ಮೇಲಿನ ಚೌಕದೊಳಗೆ ಹೆಸರೂ ಕೆಳಗಿನ ಚೌಕದೊಳಗೆ ಮಾಹಿತಿ ಹುಡುಕಿ ತರುವ ಸೂತ್ರವೂ ವಾಸವಾಗಿದ್ದವು. ಹೆಸರು ‘ವನಮಾಲಾ ಗ್ರಂಥಾಲಯ’ ಎಂದು ಬರೆದಂತೆಯೇ ಕಾಣುತ್ತಿತ್ತು. ಸೂತ್ರವಾದರೋ ಪುಟ ತೆರೆದಾಗಲೆಲ್ಲ ಮಾಹಿತಿಯ ಉಗ್ರಾಣಕ್ಕೆ ಓಡಿ, ಇಂದು ಗ್ರಂಥಾಲಯದಲ್ಲಿ ಯಾರಿದ್ದಾರೆಂದು ನೋಡಿಬಂದು ‘ವನಮಾಲಾ ಟೀಚರ್’ ಎಂದು ಹೇಳುತ್ತಿತ್ತು.

“ನೀನು ಕೂತಲ್ಲೇ ಕೂತಿರುವ ಸೋಮಾರಿ. ನಿಜವನ್ನು ತರುವುದು ನಾನು” ಎಂದು ಅದು ಹೆಸರನ್ನು ಹಂಗಿಸುತ್ತಿತ್ತು.

ಟೀಚರ್ ತೀರಿಕೊಂಡ ವಾರ ಸೂತ್ರ ಬರಿಗೈಯಲ್ಲಿ ಬಂತು. ಮತ್ತೆ ಓಡಿತು, ಮತ್ತೆ ಬರಿಗೈ.

“ಅವರು ಎಲ್ಲೂ ಇಲ್ಲ! ಇಲ್ಲದವರ ಹೆಸರು ಸುಳ್ಳು. ಏಳು, ಜಾಗ ಬಿಡು.”

“ಇದ್ದಾರೆಯೇ ಎಂದು ಕೇಳುವುದು ನಿನ್ನನ್ನು, ತಮ್ಮಾ. ನನ್ನನ್ನು ಹಾಗೆ ಯಾರೂ ಕೇಳುವುದಿಲ್ಲ, ಕರೆಯುತ್ತಾರೆ ಅಷ್ಟೇ.”

ಅಷ್ಟರಲ್ಲಿ ಯಾರೋ ಪುಟ ತೆರೆದರು. ಕೆಳಗಿನ ಖಾಲಿ ಜಾಗವನ್ನು ನೋಡಿದರು. ಮೇಲಕ್ಕೆ ಕಣ್ಣೆತ್ತಿ “ವನಮಾಲಾ” ಎಂದು ಮೆಲ್ಲಗೆ ಓದಿ ಪುಟ ಮುಚ್ಚಿದರು. ಮರುಗಳಿಗೆಯೇ ಮತ್ತೆ ತೆರೆದರು.

“ಇಲ್ಲವೆಂದು ಗೊತ್ತಿದ್ದೂ ಓಡಬೇಕೇ?” ಎಂದು ಸೂತ್ರ ಏದುಸಿರು ಬಿಟ್ಟಿತು.

“ಅವರಿಗೂ ಗೊತ್ತಿದೆ. ಆದರೂ ತೆರೆದಿದ್ದಾರೆ, ನೋಡು.”

ಸೂತ್ರ ಮತ್ತೆ ಉಗ್ರಾಣದ ಕಡೆಗೆ ಓಡಿತು.