ಮೂರಕ್ಷರ ಹೆಚ್ಚಾದ ಸಾಲು

ಮಗುವಿನ ತೂಕ ನೋಡಿ ಔಷಧದ ಅಳತೆ ಹೇಳುವ ಸಾಲೊಂದನ್ನು ಆಸ್ಪತ್ರೆಯ ಸಾಫ್ಟ್‌ವೇರ್‌ಗೆ ಬರೆದಿದ್ದಳು ನಾಗವೇಣಿ. ಅವಳು ಬರೆದ ಕೋಡ್ ಓದುವುದು ನೀರು ಕುಡಿದಷ್ಟು ಸಲೀಸು. ಆದರೆ ಅದನ್ನು ಪರಿಶೀಲಿಸಿದ ಹಿರಿಯ ಇಂಜಿನಿಯರ್ ಪಟ್ಟಣಶೆಟ್ಟರು ಕೆಂಡವಾದರು.

"ನಮ್ಮ ನಿಯಮ ಸಾಲಿಗೆ ಎಂಬತ್ತೇ ಅಕ್ಷರ! ನಿಂದು ಎಂಬತ್ಮೂರು. ಆ ಬ್ರಹ್ಮನೇ ಬಂದರೂ ಬಿಡಲ್ಲ. ತೂಕ, ಅಳತೆ ಅಂತ ಕೊಟ್ಟಿರೋ ಹೆಸರುಗಳನ್ನೆಲ್ಲ ಮೊಟಕು ಮಾಡು!"

"ಆಗಲಿ ಸರ್," ಎಂದಳು ನಾಗವೇಣಿ.

ಸಂಜೆಗೆ ಸಾಲು ಗಿಡ್ಡವಾಗಿ ಬಂತು. ಒಂದೊಂದು ಹೆಸರಿಗೂ ಒಂದೊಂದೇ ಅಕ್ಷರ. ಮೇಲೊಂದು ಟಿಪ್ಪಣಿ: 'ಇದು ಅರ್ಥವಾಗದವರು ಯಾವ ಹೊತ್ತಿನಲ್ಲಾದರೂ ಪಟ್ಟಣಶೆಟ್ಟಿ ಸರ್‌ಗೆ ಫೋನ್ ಮಾಡಿ.' ಪಕ್ಕದಲ್ಲೇ ಅವರ ನಂಬರು.

ಶೆಟ್ಟರು ಸಾಲನ್ನು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ತಲೆಬುಡ ತಿಳಿಯಲಿಲ್ಲ.

"ನೋಡಮ್ಮಾ," ದನಿ ಬೆಣ್ಣೆಯಾಗಿತ್ತು, "ಆ ಮೂರಕ್ಷರ ಇದ್ದರೆ ಇರಲಿ ಬಿಡು. ನನ್ನ ನಂಬರು ಮಾತ್ರ ತೆಗಿ."